ಅರ್ಧಕ್ಕೆ ನಿಂತ ಕೈಹೊಲಿಗೆಯ ಕೌದಿ: ಬಿಡುವಿಲ್ಲದ, ಮನಸ್ಸು ನಿಲ್ಲದ ದಿನಗಳಲ್ಲಿ ಮುಗಿಸುವುದು ಹೇಗೆ?

ಅರ್ಧಕೌದಿ
ಕೌದಿಯ ಅಳತೆ 60 × 80 ಇಂಚು. ಮೇಲ್ಪದರ ಪೂರ್ತಿ ಹತ್ತಿಯ ತುಂಡುಬಟ್ಟೆ, ನಡುವೆ ಹತ್ತಿಯ ವಾಡಿಂಗ್ (ಬೆಚ್ಚಗಿರಲು ಹಾಕುವ ಮೆತ್ತನೆಯ ಪದರ), ಕೆಳಗೆ ಒಂದೇ ಬಟ್ಟೆಯ ಅಸ್ತರು. 2 ಇಂಚಿಗೊಂದು ಉದ್ದಗೆರೆಯಂತೆ ನಡುವಿನ 20 ಇಂಚು ಅಗಲದ ಭಾಗ ಕೈಹೊಲಿಗೆ ಆಗಿದೆ. ಎಡಕ್ಕೆ 20 ಇಂಚು, ಬಲಕ್ಕೆ 20 ಇಂಚು ಬಾಕಿ. ಏಳು ತಿಂಗಳಿಂದ ಮಡಚಿಟ್ಟಿದೆ, ಸೇಫ್ಟಿ ಪಿನ್ನುಗಳು ಅದರಲ್ಲೇ ಇವೆ. ಈಗ ಮನೆಯಲ್ಲಿ ಹಾಸಿಗೆ ಹಿಡಿದವರ ಆರೈಕೆ. ದಿನಕ್ಕೆ ಇಪ್ಪತ್ತು ನಿಮಿಷದ ಎರಡು ಬಿಡುವು ಸಿಕ್ಕರೆ ಹೆಚ್ಚು, ಅದರಲ್ಲೂ ಯಾವಾಗ ಎದ್ದು ಓಡಬೇಕೋ ಗೊತ್ತಿಲ್ಲ. ಕೌದಿ ಅವರಿಗೇ ಹೊದೆಸಲು.

ಕೇಳುವುದು ಇಷ್ಟು. ಎಲ್ಲಿಂದ ಹಿಡಿಯಬೇಕು? ಹೊಸ ಹೊಲಿಗೆ ಹಳೆಯದಕ್ಕೆ ಹೊಂದದಿದ್ದರೆ ಬಿಚ್ಚಬೇಕೇ? ಬೇಗ ಮುಗಿಯಲಿ ಎಂದು ಗೆರೆಗಳನ್ನು ದೂರ ದೂರ ಹಾಕಿದರೆ ಕೌದಿಗೆ ಏನಾಗುತ್ತದೆ?

ಹಳೆಸೂಜಿ
ಹೊಲಿಗೆಯ ಮಾತು ಆಮೇಲೆ, ಮೊದಲು ಪಿನ್ನುಗಳನ್ನು ನೋಡಿ. ಏಳು ತಿಂಗಳಲ್ಲಿ ಒಂದು ಮಳೆಗಾಲ ಕಳೆದಿದ್ದರೂ ಸಾಕು, ಕೆಲವಾದರೂ ತುಕ್ಕು ಹಿಡಿದಿರುತ್ತವೆ. ತುಕ್ಕು ಹಿಡಿದ ಪಿನ್ನನ್ನು ಎಳೆದು ತೆಗೆಯಬೇಡಿ, ಎಳೆದರೆ ಕಲೆ ಬಟ್ಟೆಯ ಎಳೆಗಳಿಗೆ ಉಜ್ಜಿಕೊಂಡು ಹರಡುತ್ತದೆ. ಪಿನ್ನು ಬಿಚ್ಚಿ, ಒಂದು ಬದಿಯ ಕಡ್ಡಿಯನ್ನು ಇಕ್ಕಳದಿಂದ ಕತ್ತರಿಸಿ, ಕಡಿಮೆ ತುಕ್ಕಿರುವ ತುದಿ ಬಟ್ಟೆಯೊಳಗೆ ಹಾದು ಬರುವಂತೆ ತೆಗೆಯಿರಿ. ಕಲೆಗೆ ಕ್ಲೋರಿನ್ ಬ್ಲೀಚ್ ಮುಟ್ಟಿಸಲೇಬೇಡಿ, ತುಕ್ಕು ಇನ್ನಷ್ಟು ಗಟ್ಟಿಯಾಗುತ್ತದೆ. ಸಿಟ್ರಿಕ್ ಆಮ್ಲದ ತಿಳಿನೀರು ಕೆಲಸ ಮಾಡುತ್ತದೆ, ಆದರೆ ಬಣ್ಣದ ಬಟ್ಟೆಯಲ್ಲಿ ತುಕ್ಕಿನ ಜೊತೆ ಬಣ್ಣವೂ ಹೋಗಬಹುದು. ಅದೇ ಬಟ್ಟೆಯ ಚೂರೊಂದು ಉಳಿದಿದ್ದರೆ ಅದರ ಮೇಲೆ ನೋಡಿ. ಇಲ್ಲದಿದ್ದರೆ ಆ ಜಾಗಕ್ಕೆ ಒಂದು ತೇಪೆ ಹಾಕಿ ಮುಂದಕ್ಕೆ ಹೋಗಿ. ತುಂಡುಬಟ್ಟೆಯ ಕೌದಿಯಲ್ಲಿ ಒಂದು ತೇಪೆ ಹೆಚ್ಚಾದರೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಪಿನ್ನು ತೆಗೆದ ಜಾಗಕ್ಕೆಲ್ಲ ದಾರದ ಕಚ್ಚಾ ಹೊಲಿಗೆ ಹಾಕಿ. ನೆಲದ ಮೇಲೋ ದೊಡ್ಡ ಮೇಜಿನ ಮೇಲೋ ಹರಡಿ, ಹೊಲಿಗೆ ಮುಗಿದ ಅಂಚಿನಿಂದ ಹೊರಕ್ಕೆ ಕೈಯಿಂದ ಸವರುತ್ತ, ಅಡ್ಡಕ್ಕೂ ಉದ್ದಕ್ಕೂ 4 ಇಂಚಿಗೊಂದು ಸಾಲು. ಬಿಳಿ ದಾರವೇ ಆಗಲಿ. ಗಾಢ ಬಣ್ಣದ ದಾರ ತೆಗೆದ ಮೇಲೂ ಚುಕ್ಕಿ ಬಿಟ್ಟು ಹೋಗುವುದುಂಟು. ಇದಕ್ಕೊಂದು ಅರ್ಧ ದಿನ ಬೇಕು, ಇಪ್ಪತ್ತು ನಿಮಿಷದ ತುಣುಕುಗಳಲ್ಲಿ ಆಗುವ ಕೆಲಸ ಅಲ್ಲ. ಆ ಅರ್ಧ ದಿನಕ್ಕೆ ಯಾರ ನೆರವಾದರೂ ಕೇಳಿ.

ಮೇಣದದಾರ
ಪಿನ್ನು ಬೇಡವೇ ಬೇಡ ಎನ್ನಲು ಇನ್ನೊಂದು ಕಾರಣ: ಕಂತಿನಲ್ಲಿ ಹೊಲಿಯುವವರು ರಿಂಗನ್ನು (ಬಟ್ಟೆ ಹಿಡಿದಿಡುವ ಬಳೆಯಂಥ ಚೌಕಟ್ಟು) ಪದೇ ಪದೇ ಹಾಕಿ ತೆಗೆಯುತ್ತಾರೆ. ಪ್ರತಿ ಸಲವೂ ರಿಂಗಿಗೆ ಅಡ್ಡ ಬರುವ ಪಿನ್ನು ತೆಗೆಯುತ್ತೀರಿ, ಮತ್ತೆ ಹಾಕಲು ಮರೆಯುತ್ತೀರಿ. ಅಲ್ಲಿ ಪದರ ಜಾರಿ ಅಸ್ತರಿನಲ್ಲಿ ನಿರಿಗೆ ಬೀಳುತ್ತದೆ.

ಗೆರೆಚಾಕ್
ಗೆರೆಗಳ ದೂರದ ಬಗ್ಗೆ. ದೂರ ಹಾಕಬಹುದೋ ಬಾರದೋ ಎನ್ನುವುದು ವಾಡಿಂಗಿಗೆ ಬಿಟ್ಟದ್ದು. ಸೂಜಿಯಿಂದ ಒತ್ತಿ ಹೆಣೆದ ಹತ್ತಿ ವಾಡಿಂಗಿನ ಲಕೋಟೆಯ ಮೇಲೆ 8 ಇಂಚಿನವರೆಗೆ ದೂರ ಇರಬಹುದು ಎಂದು ಬರೆದಿರುವುದುಂಟು. ಬರಿಯ ಹತ್ತಿ ಹರಡಿದ್ದಾದರೆ 2 ಇಂಚಿಗಿಂತ ದೂರ ಹೋದರೆ ನಾಲ್ಕು ಒಗೆತಕ್ಕೆ ಉಂಡೆ ಕಟ್ಟುತ್ತದೆ. ನಿಮ್ಮದು ಯಾವುದು?

ಅರ್ಧಕೌದಿ
ಲಕೋಟೆ ಇದೆ. 8 ಇಂಚು ಎಂದು ಬರೆದಿದೆ.

ಗೆರೆಚಾಕ್
ಹಾಗಾದರೆ ವಾಡಿಂಗ್ ತಡೆಯುತ್ತದೆ. ಹಾಗೆಂದು 2 ಇಂಚಿನಿಂದ ಒಮ್ಮೆಲೇ 6 ಇಂಚಿಗೆ ಹಾರಬೇಡಿ. ಹೊಲಿಗೆ ಒತ್ತೊತ್ತಾಗಿದ್ದಲ್ಲಿ ಬಟ್ಟೆ ಒಳಕ್ಕೆ ಎಳೆದುಕೊಳ್ಳುತ್ತದೆ, ಬಿಡಿಬಿಡಿಯಾಗಿದ್ದಲ್ಲಿ ಹಾಗೇ ಉಳಿಯುತ್ತದೆ. ನಡುಭಾಗ ಕುಗ್ಗಿ ಅಂಚು ಕುಗ್ಗದಿದ್ದರೆ ಅಂಚೆಲ್ಲ ಅಲೆ ಅಲೆ. ಅಂಚುಪಟ್ಟಿ ಹಾಕಿದ ಮೇಲೂ ಅದು ಸರಿಹೋಗುವುದಿಲ್ಲ.

ಹಂತಹಂತವಾಗಿ ಬಿಡಿಸಿ. ಒಂದೊಂದು ಬದಿಗೆ 20 ಇಂಚು ಇದೆಯಲ್ಲ, ಮುಗಿದ ಗೆರೆಯಿಂದ ಹೊರಕ್ಕೆ 2, 2, 3, 3, 3, 3 ಎಂದು ಆರು ಗೆರೆ. ಉಳಿದ 4 ಇಂಚನ್ನು ಅಂಚುಪಟ್ಟಿ ಹಿಡಿದುಕೊಳ್ಳುತ್ತದೆ. ಎರಡೂ ಬದಿ ಸೇರಿ 12 ಗೆರೆ, ಗೆರೆಗೆ 80 ಇಂಚು, ಒಟ್ಟು 960 ಇಂಚು. ಕೊನೆಯವರೆಗೂ 2 ಇಂಚಿಗೊಂದೇ ಹಾಕಿದರೆ 18 ಗೆರೆ, 1440 ಇಂಚು.

18 ಇಂಚಿನ ಒಂದು ದಾರದಲ್ಲಿ ಗಂಟು, ಬಾಲ ಎಲ್ಲ ಕಳೆದು ಸುಮಾರು ಒಂದಡಿ ಗೆರೆ ಬರುತ್ತದೆ. ಅಂದರೆ 80 ದಾರ ಅಥವಾ 120 ದಾರ. ಒಂದು ದಾರಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ನಿಮ್ಮ ಕೈಯಲ್ಲೇ ಅಳೆದು ನೋಡಿ. ಹತ್ತು ನಿಮಿಷವಾದರೆ ಒಂದು ಬಿಡುವಿಗೆ ಎರಡು ದಾರ, ದಿನಕ್ಕೆ ನಾಲ್ಕು. 20 ದಿನ ಅಥವಾ 30 ದಿನ. ಲೆಕ್ಕವನ್ನು ಗೆರೆಯಲ್ಲಿ ಇಡಬೇಡಿ, ದಾರದಲ್ಲಿ ಇಡಿ. ಇಂಥ ದಿನಗಳಲ್ಲಿ 80 ಇಂಚಿನ ಗೆರೆ ಮುಗಿಯುವುದೇ ಇಲ್ಲ ಅನ್ನಿಸುತ್ತದೆ, ಒಂದು ದಾರವಂತೂ ಮುಗಿಯುತ್ತದೆ.

ತೇಪೆತುಂಡು
ಬದಿ ಬದಲಿಸುತ್ತ ಹೊಲಿಯಿರಿ ಎನ್ನುವುದನ್ನು ಸೇರಿಸಿ. ಎಡಕ್ಕೆ ಒಂದು ಗೆರೆ, ಬಲಕ್ಕೆ ಒಂದು ಗೆರೆ. ಒಂದು ಬದಿಯನ್ನೇ ಪೂರ್ತಿ ಮುಗಿಸಿ ಇನ್ನೊಂದಕ್ಕೆ ಬಂದರೆ ಕೈಯ ಬಿಗಿ ಅಷ್ಟರಲ್ಲಿ ಬದಲಾಗಿರುತ್ತದೆ, ಎರಡು ಬದಿ ಎರಡು ಕೌದಿಯ ಹಾಗೆ ಕಾಣುತ್ತವೆ.

ಹಳೆಸೂಜಿ
ಹೊಂದದ ಹೊಲಿಗೆ ಬಿಚ್ಚುವ ಪ್ರಶ್ನೆಗೆ. ಬಿಚ್ಚಲೇಬೇಕಾದದ್ದು ಮೂರೇ ಮೂರು: ಅಸ್ತರಿಗೆ ತಾಗದೆ ಮೇಲಿನ ಎರಡು ಪದರದಲ್ಲೇ ಹೋದ ಹೊಲಿಗೆ, ಅಸ್ತರಿನಲ್ಲಿ ನಿರಿಗೆ ಹಿಡಿದುಕೊಂಡ ಹೊಲಿಗೆ, ಕಾಲ್ಬೆರಳು ಸಿಕ್ಕಿಕೊಳ್ಳುವಷ್ಟು ಉದ್ದದ ಹೊಲಿಗೆ. ಇಂಚಿಗೆ 8 ಹೊಲಿಗೆ ಇದ್ದದ್ದು 6 ಆಯಿತು, ಗೆರೆ ಸ್ವಲ್ಪ ಓಲಿತು, ಹಿಂಬದಿಯಲ್ಲಿ ಹೊಲಿಗೆ ಗಿಡ್ಡವಾಯಿತು ಎನ್ನುವುದಕ್ಕೆಲ್ಲ ಬಿಚ್ಚಬೇಡಿ. ಹತ್ತಿಯ ವಾಡಿಂಗ್ ಮೊದಲ ಒಗೆತದಲ್ಲಿ ಶೇಕಡ 3ರಿಂದ 5ರಷ್ಟು ಕುಗ್ಗುತ್ತದೆ. ಕುಗ್ಗಿದ ಮೇಲೆ ಇಡೀ ಕೌದಿ ಸುಕ್ಕುಸುಕ್ಕಾಗಿ ಉಬ್ಬುತ್ತದೆ, ಆ ಸುಕ್ಕಿನಲ್ಲಿ ಯಾವ ಹೊಲಿಗೆ ಯಾವಾಗಿನದು ಎಂದು ಹೊಲಿದವರಿಗೂ ಗೊತ್ತಾಗುವುದಿಲ್ಲ.

ಬಿಚ್ಚುವಾಗ ನಿರಿಗೆ ಇದ್ದಲ್ಲಿ ಮಾತ್ರ ಬಿಚ್ಚಿದರೆ ಸಾಲದು. ಸುತ್ತ 4ರಿಂದ 6 ಇಂಚು ಬಿಚ್ಚಿದರೇ ಹೆಚ್ಚಿನ ಬಟ್ಟೆಯನ್ನು ಹೊರಕ್ಕೆ ಸವರಲು ಜಾಗ ಸಿಗುವುದು. ನಾಲ್ಕೈದು ಹೊಲಿಗೆಗೊಮ್ಮೆ ದಾರ ಕತ್ತರಿಸಿ ತೆಗೆಯಿರಿ, ಉದ್ದಕ್ಕೆ ಎಳೆದರೆ ಹಳೆಯ ಬಟ್ಟೆ ಹರಿಯುತ್ತದೆ.

ಗೆರೆಚಾಕ್
ಇಂಚಿಗೆ 8 ಇದ್ದದ್ದು 4 ಆದರೆ ಮಾತ್ರ ನಾನು ಒಪ್ಪುವುದಿಲ್ಲ. ಸುಕ್ಕು ಎಲ್ಲವನ್ನೂ ಮುಚ್ಚುವುದಿಲ್ಲ. ಹೊಲಿಗೆ ಸಣ್ಣದಿರಬೇಕು ಎಂದಲ್ಲ, ಸಮ ಇರಬೇಕು.

ಹಳೆಸೂಜಿ
ಸಮ ಇರಬೇಕು, ಸರಿ. ಅದಕ್ಕೆ ದಾರಿ ಬಿಚ್ಚುವುದಲ್ಲ, ಕೈಯನ್ನು ಮೊದಲೇ ಹದಕ್ಕೆ ತರುವುದು. ಉಳಿದ ವಾಡಿಂಗ್ ಮತ್ತು ಬಟ್ಟೆಯಿಂದ ಒಂದಡಿ ಚೌಕದ ಮೂರು ಪದರದ ತುಂಡು ಮಾಡಿಟ್ಟುಕೊಳ್ಳಿ. ಪ್ರತಿ ಸಲ ಕೂತಾಗ ಮೊದಲ ಮೂರು ನಾಲ್ಕು ಇಂಚು ಅದರ ಮೇಲೆ. ಎರಡು ನಿಮಿಷ ಹೋಗುತ್ತದೆ, ಹೋಗಲಿ.

ನಾಲ್ಕೆಳೆ
ಏಳು ತಿಂಗಳ ಅಂತರದ ಮೇಲೆ ಬರುವವರು ಸಾಮಾನ್ಯವಾಗಿ ಮರೆತಿರುವುದು ಕೈಯ ಚಲನೆಯನ್ನು. ಹಾಗಾಗಿ ಅದನ್ನೇ ಬಿಡಿಸಿ ಬರೆಯುತ್ತೇನೆ.

ನಡುಬೆರಳಿಗೆ ತಿಂಬಲ್, ಅಂದರೆ ಸೂಜಿ ದಬ್ಬಲು ಬೆರಳಿಗೆ ಹಾಕುವ ಟೊಪ್ಪಿ. ಸೂಜಿಯ ಹಿಂತುದಿ ತಿಂಬಲಿನ ಗುಳಿಯಲ್ಲಿ ಕೂತಿರಬೇಕು, ಹೆಬ್ಬೆರಳು ತೋರುಬೆರಳಲ್ಲಿ ಸೂಜಿ ಹಿಡಿಯುವ ಅಭ್ಯಾಸ ಬಿಡಬೇಕು. ಸೂಜಿಯನ್ನು ನೆಟ್ಟಗೆ ಇಳಿಸಿ. ತುದಿ ಕೆಳಗಿನ ಬೆರಳಿಗೆ ತಾಕಿತು ಎನ್ನುವಷ್ಟರಲ್ಲಿ ನಿಲ್ಲಿಸಿ, ಹಿಂತುದಿಯನ್ನು ಬಟ್ಟೆಯ ಕಡೆಗೆ ಬಾಗಿಸಿ. ಅದೇ ಹೊತ್ತಿಗೆ ಕೆಳಗಿನ ಬೆರಳು ಬಟ್ಟೆಯನ್ನು ಮೇಲಕ್ಕೆ ದಬ್ಬಬೇಕು, ಮೇಲಿನ ಹೆಬ್ಬೆರಳು ಸೂಜಿಯ ಮುಂದಿನ ಬಟ್ಟೆಯನ್ನು ತಗ್ಗಿಸಬೇಕು. ತುದಿ ಇಷ್ಟೇ ಇಷ್ಟು ಇಣುಕಿದ ಕೂಡಲೇ ಮತ್ತೆ ಸೂಜಿಯನ್ನು ನೆಟ್ಟಗೆ ನಿಲ್ಲಿಸಿ ಇಳಿಸಿ. ಮೂರು ನಾಲ್ಕು ಹೊಲಿಗೆ ಸೂಜಿಯ ಮೇಲೆ ಸೇರಿದಾಗ ಒಮ್ಮೆ ಎಳೆಯುವುದು. ಸೂಜಿ ನೆಟ್ಟಗೆ ಇಳಿಯದೆ ಓರೆಯಾಗಿ ಹೋದರೆ ಮೇಲಿನ ಹೊಲಿಗೆ ದೊಡ್ಡದು, ಕೆಳಗಿನದು ಚಿಕ್ಕದು ಆಗುತ್ತದೆ, ಇಲ್ಲವೇ ಅಸ್ತರನ್ನು ಮುಟ್ಟುವುದೇ ಇಲ್ಲ.

14 ಇಂಚಿನ ರಿಂಗ್ ಸಾಕು. ಕಸೂತಿಗೆ ಬಿಗಿಯುವ ಹಾಗೆ ತಮಟೆಯಂತೆ ಬಿಗಿಯಬೇಡಿ. ನಡುವೆ ಕೈ ಇಟ್ಟರೆ ಬಟ್ಟೆ ಸ್ವಲ್ಪ ಜೋಲಬೇಕು, ಇಲ್ಲದಿದ್ದರೆ ಸೂಜಿ ಬಾಗಿಸಲು ಎಡೆಯೇ ಇರುವುದಿಲ್ಲ. ಎದ್ದು ಹೋಗುವಾಗ ರಿಂಗ್ ಸಡಿಲಿಸಿ ಹೋಗಿ, ದಿನವಿಡೀ ಬಿಟ್ಟರೆ ಅದರ ಗುರುತು ಉಳಿಯುತ್ತದೆ.

ಸೂಜಿ: ಕೈ ಪಳಗಿದ್ದರೆ 10ನೇ ನಂಬರಿನ ಗಿಡ್ಡ ಕ್ವಿಲ್ಟಿಂಗ್ ಸೂಜಿ, ಅಂತರ ಬಿದ್ದಿದ್ದರೆ 9 ಅಥವಾ 8. ನಂಬರ್ ಹೆಚ್ಚಾದಷ್ಟೂ ಸೂಜಿ ಸಣ್ಣದು. ದಣಿದ ಕಣ್ಣಿಗೆ 8ನೇ ನಂಬರಿನ ಕಣ್ಣಾದರೂ ಕಾಣುತ್ತದೆ.

ಮೇಣದದಾರ
ದಾರ ಮೊಳಕ್ಕಿಂತ ಉದ್ದ ಬೇಡ, 18 ಇಂಚೇ ಮಿತಿ. ಮತ್ತೆ ಮತ್ತೆ ಪೋಣಿಸುವುದು ತಪ್ಪುತ್ತದೆ ಎಂದು ಉದ್ದ ತೆಗೆದುಕೊಂಡರೆ, ಸೂಜಿಯ ಕಣ್ಣಿಗೂ ಬಟ್ಟೆಗೂ ಉಜ್ಜಿ ಉಜ್ಜಿ ಕೊನೆಯ ಭಾಗ ನವೆದು ಎಳೆ ಬಿಡುತ್ತದೆ. ಅದಕ್ಕಿಂತ ಮೊದಲೇ ಗಂಟು ಬೀಳುತ್ತದೆ. ರೀಲಿನಿಂದ ಬಿಡಿಸಿದ ತುದಿಯನ್ನು ಮೊದಲು ಪೋಣಿಸಿ, ಆಮೇಲೆ ಕತ್ತರಿಸಿ, ಕತ್ತರಿಸಿದ ತುದಿಗೆ ಗಂಟು ಹಾಕಿ. ಮಾಮೂಲಿ ಹತ್ತಿ ದಾರವಾದರೆ ಜೇನುಮೇಣದ ಮೇಲೆ ಎರಡು ಸಲ ಎಳೆಯಿರಿ. ಕೈ ಕ್ವಿಲ್ಟಿಂಗಿಗೆಂದೇ ಬರುವ ಹೊಳಪು ದಾರಕ್ಕೆ ಮೇಣ ಬೇಡ, ಅದನ್ನು ಮೆಷಿನ್ನಿಗೂ ಹಾಕಬೇಡಿ.

ಹತ್ತು ಸೂಜಿಗೆ ಒಂದೇ ಸಲ, ಬೆಳಗಿನ ಬೆಳಕಿನಲ್ಲಿ, ದಾರ ಪೋಣಿಸಿ ಗಂಟು ಹಾಕಿ ಫೆಲ್ಟ್ ತುಂಡಿಗೆ ಚುಚ್ಚಿಟ್ಟುಕೊಳ್ಳಿ. ಇಪ್ಪತ್ತು ನಿಮಿಷದ ಬಿಡುವಿನಲ್ಲಿ ಐದು ನಿಮಿಷ ಸೂಜಿಯ ಕಣ್ಣು ಹುಡುಕುವುದರಲ್ಲೇ ಹೋಗುತ್ತದೆ, ಅದು ಉಳಿಯಿತು. ಹತ್ತು ಎಂದರೆ ಹತ್ತೇ. ಕೂರುವಾಗ ಎಣಿಸಿ, ಏಳುವಾಗ ಎಣಿಸಿ.

ಅರ್ಧಕೌದಿ
ದಾರದ ಅರ್ಧದಲ್ಲೇ ಏಳಬೇಕಾದರೆ ಸೂಜಿಯನ್ನು ಕೌದಿಗೇ ಚುಚ್ಚಿಟ್ಟು ಹೋಗಬಹುದೇ?

ಮೇಣದದಾರ
ಬೇಡ. ತುಕ್ಕು ಒಂದು ಕಾರಣ, ಹಾಸಿಗೆಯಲ್ಲಿ ಇರುವವರ ಹತ್ತಿರ ಅದನ್ನು ಯಾರಾದರೂ ಎತ್ತಿಟ್ಟಾರು ಎನ್ನುವುದು ದೊಡ್ಡ ಕಾರಣ. ಸೂಜಿಯ ಮೇಲಿರುವ ಹೊಲಿಗೆ ಎಳೆದು ಮುಗಿಸಿ, ದಾರವನ್ನು ಮೇಲ್ಬದಿಯಲ್ಲಿ ಬಿಟ್ಟು ಸೂಜಿ ಕಳಚಿ ಫೆಲ್ಟಿಗೆ ಚುಚ್ಚಿ. ಬಾಲ 4 ಇಂಚಾದರೂ ಇರಲಿ, ಮತ್ತೆ ಪೋಣಿಸಲು ಬೇಕು. ಗಂಟು ಹಾಕಬೇಕಾಗಿಲ್ಲ, ಬಿಗಿಯಾಗಿ ಎಳೆದಿಡದಿದ್ದರೆ ಹೊಲಿಗೆ ತಾನಾಗಿ ಬಿಚ್ಚಿಕೊಳ್ಳುವುದಿಲ್ಲ.

ತೇಪೆತುಂಡು
ಮರೆವಿನ ದಿನಗಳಿಗೆ ಒಂದು ಚೀಟಿ ಬೇಕು. ಸೂಜಿಯ ನಂಬರ್, ದಾರದ ಬಣ್ಣ, ಮುಂದಿನ ಗೆರೆಯ ದೂರ, ಯಾವ ಬದಿ. ರಿಂಗಿನ ಜೊತೆಯೇ ಚೀಲದಲ್ಲಿರಲಿ. "ಎಡ, 3 ಇಂಚು, ನಾಲ್ಕನೆಯ ಗೆರೆ" ಎಂದು ಬರೆದಿಟ್ಟರೆ ಮರುದಿನ ಕೌದಿ ಹರಡಿ ಯೋಚಿಸುತ್ತ ಕೂರಬೇಕಿಲ್ಲ.

ಗೆರೆಚಾಕ್
ಗುರುತು ಹಾಕುವ ವಿಷಯದಲ್ಲಿ ಎಚ್ಚರ. ಬಿಸಿಗೆ ಅಳಿಯುವ ಪೆನ್ನಿನ ಗೆರೆ ಇಸ್ತ್ರಿಗೆ ಹೋಗುತ್ತದೆ, ತೀರಾ ಚಳಿಯಲ್ಲಿ ಮರಳಿ ಬರುತ್ತದೆ. ಗಾಢ ಬಣ್ಣದ ಕೆಲವು ಬಟ್ಟೆಗಳಲ್ಲಿ ಬಿಳಿಚಿದ ಗೆರೆಯನ್ನೂ ಬಿಡುತ್ತದೆ. ನೀರಿಗೆ ಹೋಗುವ ನೀಲಿ ಪೆನ್ನಿಗೆ ಇಸ್ತ್ರಿಯೇ ಶತ್ರು, ಬಿಸಿ ತಾಗಿದರೆ ಕಲೆ ನಿಂತುಬಿಡುತ್ತದೆ. ಅದನ್ನು ಸೋಪಿಲ್ಲದ ತಣ್ಣೀರಿನಲ್ಲಿ ಮೊದಲು ಬಿಡಿಸಿ. ಈ ಕೌದಿಗೆ ಇವಾವುದೂ ಬೇಕಿಲ್ಲ, ನೇರ ಗೆರೆ ತಾನೆ. ಒಂದು ಇಂಚು ಅಗಲದ ಮಾಸ್ಕಿಂಗ್ ಟೇಪ್ ಅಂಟಿಸಿ ಅದರ ಅಂಚಿಗೆ ಹೊಲಿಯಿರಿ. ಆ ಹೊತ್ತಿನ ತುಂಡನ್ನು ಮಾತ್ರ ಅಂಟಿಸಿ, ಏಳುವಾಗ ಕಿತ್ತುಬಿಡಿ. ವಾರಗಟ್ಟಲೆ ಬಿಟ್ಟ ಟೇಪಿನ ಅಂಟು ಹೋಗುವುದಿಲ್ಲ.

ನಾಲ್ಕೆಳೆ
ತುಂಡುಬಟ್ಟೆಯ ಕೌದಿಗೇ ಇರುವ ತೊಂದರೆ ಜೋಡುಗಳು. ಜೋಡಿನ ಹಿಂದೆ ಮಡಚಿದ ಬಟ್ಟೆ ಸೇರಿ ದಪ್ಪವಾಗುತ್ತದೆ, ನಾಲ್ಕು ತುಂಡು ಕೂಡುವಲ್ಲಂತೂ ಗುಬುಟು. ಅಲ್ಲಿ ನಾಲ್ಕು ಹೊಲಿಗೆ ತುಂಬಲು ಹೋದರೆ ಸೂಜಿ ಬಾಗುತ್ತದೆ, ಇಲ್ಲವೇ ಮುರಿಯುತ್ತದೆ. ಜೋಡು ದಾಟುವಷ್ಟು ಜಾಗ ಮಾತ್ರ ಒಂದೊಂದೇ ಹೊಲಿಗೆ: ಮೇಲಿಂದ ನೆಟ್ಟಗೆ ಚುಚ್ಚಿ ಕೆಳಗೆ ಎಳೆದುಕೊಳ್ಳಿ, ಕೆಳಗಿಂದ ನೆಟ್ಟಗೆ ಚುಚ್ಚಿ ಮೇಲೆ ಎಳೆದುಕೊಳ್ಳಿ. ಗೆರೆ ಜೋಡಿನ ಪಕ್ಕದಲ್ಲೇ ಬರುವಂತಿದ್ದರೆ ಕಾಲಿಂಚಿಗಿಂತ ತುಸು ಹೆಚ್ಚು ಆಚೆ ಸರಿಸಿ, ಮಡಿಕೆ ತಪ್ಪುತ್ತದೆ. ಸೂಜಿ ಎಳೆಯಲು ಬಾರದಿದ್ದರೆ ಹಲ್ಲಿನಿಂದ ಎಳೆಯಬೇಡಿ, ಹರಿದ ಬಲೂನಿನ ತುಂಡು ಹಿಡಿದು ಎಳೆಯಿರಿ.

ಅಂಚುಮನೆ
ಇಷ್ಟೆಲ್ಲ ಯಾಕೆ? ಉಳಿದ ಎರಡು ಬದಿಗೆ 4 ಇಂಚಿಗೊಂದು ಗಂಟು ಕಟ್ಟಿಬಿಡಿ. ದಪ್ಪ ಹತ್ತಿ ದಾರ, ಕಾಲಿಂಚಿನ ಒಂದು ಹೊಲಿಗೆ, ಬಲಕ್ಕೊಮ್ಮೆ ಎಡಕ್ಕೊಮ್ಮೆ ಗಂಟು, ಮುಕ್ಕಾಲು ಇಂಚಿನ ಬಾಲ. ವಾರದೊಳಗೆ ಮುಗಿಯುತ್ತದೆ.

ಹಳೆಸೂಜಿ
ಪೂರ್ತಿ ಕೌದಿಗೆ ಗಂಟು ಕಟ್ಟಿದ್ದರೆ ನಾನೂ ಸೈ ಅನ್ನುತ್ತಿದ್ದೆ. ನಡುವೆ 2 ಇಂಚಿನ ಗೆರೆ ಹೊಲಿದು ಬದಿಗೆ ಗಂಟು ಕಟ್ಟಿದರೆ ಗೆರೆಚಾಕ್ ಅವರು ಹೇಳಿದ ಅಲೆಯೇ ಬರುವುದು. ಜೊತೆಗೆ, ಮಲಗಿಯೇ ಇರುವವರ ಮೈಕೆಳಗೆ ಕೌದಿ ಮುದುರಿ ಸೇರಿದರೆ ಗಂಟು ಒತ್ತುತ್ತದೆ. ಚರ್ಮ ಮೊದಲೇ ಸೂಕ್ಷ್ಮವಾಗಿರುತ್ತದೆ. ಅವಸರವೇ ಇದ್ದರೆ ದಪ್ಪ ಹೊಲಿಗೆ ಮೇಲು: 8ನೇ ನಂಬರಿನ ಪರ್ಲ್ ದಾರ (ಕಸೂತಿಯ ದಪ್ಪ ಹುರಿದಾರ), ಕಸೂತಿ ಸೂಜಿ, ಇಂಚಿಗೆ 4. ಆಗ ಅದು ಬೇಕೆಂದೇ ಬದಲಿಸಿದ್ದು ಎಂದು ಕಾಣಬೇಕು, ಆದ್ದರಿಂದ ಎರಡೂ ಬದಿಯಲ್ಲಿ ಒಂದೇ ಜಾಗದಿಂದ, ಒಂದೇ ಬಣ್ಣದಲ್ಲಿ ಶುರುಮಾಡಿ.

ಅಂಚುಮನೆ
ಮೈಗೆ ಒತ್ತುವುದನ್ನು ನಾನು ಯೋಚಿಸಿರಲಿಲ್ಲ. ಹಾಗಾದರೆ ನನ್ನ ಹೆಸರಿಗೆ ತಕ್ಕ ಕೆಲಸ ಹೇಳುತ್ತೇನೆ.

ಸುತ್ತಳತೆ 280 ಇಂಚು. ಮೂಲೆಗೂ ಕೊನೆಯ ಜೋಡಿಗೂ 12 ಸೇರಿಸಿ 292. ಎರಡೂವರೆ ಇಂಚು ಅಗಲದ ಪಟ್ಟಿ, 42 ಇಂಚು ಪನ್ನದ ಬಟ್ಟೆಯಲ್ಲಿ ಅಂಚು ಕಳೆದು ಒಂದು ಪಟ್ಟಿಗೆ 40 ಇಂಚು. ಎಂಟು ಪಟ್ಟಿ ಬೇಕು. ಓರೆಯಾಗಿ ಜೋಡಿಸುವಾಗ ಜೋಡಿಗೆ ಎರಡೂವರೆ ಇಂಚಿನಂತೆ ಹೋದರೂ ಸುಮಾರು 302 ಉಳಿಯುತ್ತದೆ. 60 ಸೆಂಟಿಮೀಟರ್ ಬಟ್ಟೆ ಸಾಕು. ಪಟ್ಟಿಗಳನ್ನು ನೇರವಾಗಿ ಜೋಡಿಸಿದರೆ ಜೋಡುಗಳೆಲ್ಲ ಒಂದೇ ಕಡೆ ದಪ್ಪವಾಗುತ್ತವೆ, ಅದಕ್ಕೇ ಓರೆ. ಪಟ್ಟಿಯನ್ನೇ ಓರೆಯಾಗಿ ಕತ್ತರಿಸುವುದು ಅಂಚು ಕಮಾನಿನಂತಿದ್ದರೆ ಮಾತ್ರ.

ಉದ್ದಕ್ಕೆ ಎರಡಾಗಿ ಮಡಚಿ, ಬಿಡಿ ಅಂಚನ್ನು ಕೌದಿಯ ಮುಂಬದಿಯ ಅಂಚಿಗೆ ಸೇರಿಸಿ ಕಾಲಿಂಚಿಗೆ ಹೊಲಿಯಿರಿ. ಇದಕ್ಕೆ ಮೆಷಿನ್ ಬಳಸಿ, ಮುಜುಗರ ಬೇಡ, ಮಡಚಿದ ಮೇಲೆ ಆ ಹೊಲಿಗೆ ಯಾರಿಗೂ ಕಾಣುವುದಿಲ್ಲ. ಮೂಲೆಗೆ ಕಾಲಿಂಚು ಇರುವಾಗಲೇ ನಿಲ್ಲಿಸಿ. ಪಟ್ಟಿಯನ್ನು ಮೇಲಕ್ಕೆ ಓರೆಯಾಗಿ ಮಡಚಿ, ಮತ್ತೆ ಕೆಳಕ್ಕೆ ಮುಂದಿನ ಅಂಚಿನ ಗುಂಟ ಮಡಚಿ, ತುದಿಯಿಂದಲೇ ಹೊಲಿಗೆ ಶುರು. ಕಾಲಿಂಚು ಬಿಡದೆ ಅಂಚಿನವರೆಗೂ ಹೊಲಿದುಬಿಟ್ಟರೆ ಮೂಲೆ ತಿರುಗುವುದೇ ಇಲ್ಲ, ಬಿಚ್ಚಬೇಕು. ಹಿಂಬದಿಯನ್ನು ಕೈಯಲ್ಲಿ, ಕಾಣದ ಹೊಲಿಗೆಯಲ್ಲಿ ಮುಗಿಸಿ. ಸೂಜಿ ಅಸ್ತರು, ವಾಡಿಂಗ್ ಎರಡನ್ನು ಹಿಡಿಯಲಿ, ಮುಂಬದಿಗೆ ಬರಬಾರದು.

ಅಸ್ತರನ್ನೇ ಮುಂದಕ್ಕೆ ಮಡಚಿ ಅಂಚು ಮಾಡುವ ಸುಲಭ ದಾರಿ ಇದೆ, ಒಂದು ಇಂಚು ಹೆಚ್ಚಿದ್ದರೆ ಆಗುತ್ತದೆ. ದಿನವೂ ಹೊದೆಯುವ ಕೌದಿಗೆ ನಾನು ಹೇಳುವುದಿಲ್ಲ. ಕೌದಿ ಮೊದಲು ಸವೆಯುವುದು ಅಂಚಿನಲ್ಲಿ, ಅಲ್ಲಿ ಒಂದೇ ಪದರ ಇದ್ದರೆ ಅಸ್ತರೇ ಹರಿಯುತ್ತದೆ.

ಮೇಣದದಾರ
ರಕ್ತದ ಮಾತು ಯಾರೂ ಎತ್ತಲಿಲ್ಲ. ಕೆಳಗಿನ ಬೆರಳಿಗೆ ಚುಚ್ಚಿ ಬಟ್ಟೆಗೆ ತಾಗಿದರೆ ಕೂಡಲೇ ತಣ್ಣೀರು, ಬಿಸಿನೀರು ಬೇಡ. ಚುಕ್ಕಿಯಷ್ಟೇ ಆದರೆ ಬಿಳಿ ದಾರದ ಉಂಡೆಗೆ ನಿಮ್ಮ ಎಂಜಲು ತಾಗಿಸಿ ಒತ್ತಿ ತೆಗೆಯಿರಿ, ಹೋಗುತ್ತದೆ. ಆಮೇಲೆ ಒಗೆಯುವುದು ಹೇಗೂ ಇದೆ.

ಅರ್ಧಕೌದಿ
ಒಗೆಯುವ ಬಗ್ಗೆಯೇ ಕೊನೆಯ ಪ್ರಶ್ನೆ. ತುಂಡುಗಳಲ್ಲಿ ಎರಡು ಕಡುಗೆಂಪು, ಒಂದು ಕಡುನೀಲಿ ಇವೆ. ಉಪ್ಪುನೀರಿನಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆಯೇ?

ತೇಪೆತುಂಡು
ಬಣ್ಣ ಹಾಕಿ ಮುಗಿದ ಬಟ್ಟೆಗೆ ಉಪ್ಪಾಗಲಿ ವಿನೆಗರ್ ಆಗಲಿ ಏನೂ ಮಾಡುವುದಿಲ್ಲ. ಈಗಲೇ ನೋಡಿ: ಬಿಳಿ ಬಟ್ಟೆ ಒದ್ದೆ ಮಾಡಿ ಆ ಮೂರು ತುಂಡುಗಳ ಮೇಲೆ ಒತ್ತಿ. ಬಣ್ಣ ಹತ್ತಿದರೆ ಮೊದಲ ಒಗೆತಕ್ಕೆ ಬಣ್ಣ ಹೀರುವ ಹಾಳೆಗಳನ್ನು ಜೊತೆಗೆ ಹಾಕಿ. ಧಾರಾಳ ನೀರು ಬೇಕು. ಕೆಲಸ ಕೆಡುವುದು ಹೆಚ್ಚಾಗಿ ಒಗೆಯುವಾಗ ಅಲ್ಲ, ಒಗೆದ ಮೇಲೆ ಒದ್ದೆಯಾಗಿ ಗುಡ್ಡೆ ಹಾಕಿ ಬಿಟ್ಟಾಗ. ಕೆಂಪು ಪಕ್ಕದ ಬಿಳಿಗೆ ಇಳಿದದ್ದು ಕಂಡರೆ ಒಣಗಲು ಬಿಡಬೇಡಿ, ಮತ್ತೆ ಸೋಪಿನ ನೀರಿನಲ್ಲಿ ಮುಳುಗಿಸಿ, ನೀರು ತಿಳಿಯಾಗುವವರೆಗೆ ಬದಲಿಸುತ್ತಿರಿ. ಒಣಗಿಸುವಾಗ ಒಂದೇ ಹಗ್ಗಕ್ಕೆ ನೇತುಹಾಕಿದರೆ ನೀರಿನ ಭಾರಕ್ಕೆ ಹೊಲಿಗೆ ಕಿತ್ತುಕೊಳ್ಳುತ್ತದೆ, ಮೂರು ನಾಲ್ಕು ಹಗ್ಗದ ಮೇಲೆ ಅಗಲವಾಗಿ ಹಾಸಿ.

ಹಳೆಸೂಜಿ
ಒಗೆಯುವುದಕ್ಕೂ ಮೊದಲು ಕಚ್ಚಾ ಹೊಲಿಗೆಯೆಲ್ಲ ಬಿಚ್ಚಿ. ಹರಡಿ, ಎರಡೂ ಬದಿಯ ಮೇಲೆ ಆಯಸ್ಕಾಂತ ಆಡಿಸಿ, ಅಂಚುಪಟ್ಟಿಯ ಗುಂಟ ನಿಧಾನವಾಗಿ. ಹಳೆಯ ಪಿನ್ನಿನ ಮುರಿದ ತುದಿಯೂ ಸಿಗಬಹುದು. ಆದರೆ ಹಿತ್ತಾಳೆ ಪಿನ್ನು ಇದ್ದಿದ್ದರೆ ಆಯಸ್ಕಾಂತಕ್ಕೆ ಅಂಟುವುದಿಲ್ಲ, ಅದಕ್ಕೆ ಅಂಗೈಯಿಂದ ಒತ್ತುತ್ತ ಸವರಿ ನೋಡಬೇಕು.

ಅರ್ಧಕೌದಿ
ಪಿನ್ನುಗಳಲ್ಲಿ ಒಂಬತ್ತಕ್ಕೆ ತುಕ್ಕು ಹಿಡಿದಿದೆ, ಕಲೆ ಎರಡು ಕಡೆ ಮಾತ್ರ. ಎರಡಕ್ಕೂ ತೇಪೆ ಹಾಕುತ್ತೇನೆ. ಕಚ್ಚಾ ಹೊಲಿಗೆಗೆ ಭಾನುವಾರ ಒಬ್ಬರು ಜೊತೆಗೆ ಕೂರುತ್ತಾರೆ.

ಮೇಣದದಾರ
ತೇಪೆಯ ಅಂಚನ್ನು ಕಾಲಿಂಚು ಒಳಕ್ಕೆ ಮಡಚಿ ಮೇಲ್ಪದರಕ್ಕೆ ಮಾತ್ರ ಹೊಲಿಯಿರಿ. ವಾಡಿಂಗಿಗೆ ಸೂಜಿ ಇಳಿಸಬೇಡಿ, ಗೆರೆ ಹಾದುಹೋಗುವಾಗ ಮೂರೂ ಪದರ ಒಟ್ಟಿಗೆ ಸಿಗುತ್ತವೆ.